ಮುಕ್ಕಾಲು ಮೈಲಿ ಆಚೆಯ ಕಾನೂನು

ರೈಲು ಅಡ್ಡ ನಿಂತಿತ್ತು, ಅಷ್ಟೇ ಕಾರಣ. ಆಮೇಲೆ ವಕೀಲನ ಮುಂದೆ ಕೂತಾಗಲೂ ನಾನು ಇದನ್ನೇ ಹೇಳಿದೆ. ಅವನು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದ. ಟೊಲೆಡೊದ ಉತ್ತರದ ತುದಿಯಲ್ಲಿ ಬಾಳಿದವನಾಗಿದ್ದರೆ ಹಾಗೆ ನೋಡುತ್ತಿರಲಿಲ್ಲ. ನಮ್ಮ ಕಡೆ ಗೂಡ್ಸ್ ರೈಲು ಬಂದು ರಸ್ತೆಗೆ ಅಡ್ಡ ನಿಂತರೆ ನಿಂತಿತು. ಹತ್ತು ನಿಮಿಷವೋ ಎರಡು ಗಂಟೆಯೋ, ಕೇಳುವ ಹಾಗಿಲ್ಲ. ಆಗ ನಾವೆಲ್ಲ ಮಾಡುವುದು ಒಂದೇ: ರೈಲಿನವರ ವಂಶವನ್ನೆಲ್ಲ ಬೈದುಕೊಂಡು ಕಾರು ಹಿಂದಕ್ಕೆ ತಿರುಗಿಸಿ, ಉತ್ತರಕ್ಕೆ ಹೋಗಿ, ಮಿಷಿಗನ್ ಕಡೆ ಹಳಿಯ ಕೆಳಗೆ ಹಾಯುವ ರಸ್ತೆಯಲ್ಲಿ ನುಸುಳಿ, ಮತ್ತೆ ದಕ್ಷಿಣಕ್ಕೆ ತಿರುಗಿ ಒಹಾಯೊಗೆ ಬಂದುಬಿಡುವುದು. ಆರು ನಿಮಿಷದ ಸುತ್ತು. ಅದನ್ನು ಬೇರೆ ರಾಜ್ಯಕ್ಕೆ ಹೋಗಿಬಂದದ್ದು ಎಂದು ನಮ್ಮಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೈರಿನ ಕೆಳಗೆ ಟಾರಿನ ಸದ್ದು ಬದಲಾಗುತ್ತದೆ, ಗುಂಡಿಗಳು ಜಾಸ್ತಿಯಾಗುತ್ತವೆ, ಗಾಂಜಾ ಅಂಗಡಿಗಳ ಹಸಿರು ಬೋರ್ಡು ಕಾಣುತ್ತದೆ, ಅಷ್ಟೇ.

ನನ್ನ ಗಂಡನ ಹೆಸರು ಕ್ಯಾಸಿಮಿರ್ ವೊಲ್ನಿಯಾಕ್. ಊರಿಗೆಲ್ಲ ಕ್ಯಾಜ್. ಅರವತ್ತೇಳು ವಯಸ್ಸು. ಗಾಜಿನ ಕಾರ್ಖಾನೆಯಲ್ಲಿ ಮೂವತ್ತನಾಲ್ಕು ವರ್ಷ ಕುಲುಮೆಯ ಮುಂದೆ ಬೆವರು ಸುರಿಸಿದವನು. ಆದರೆ ಜನ ಅವನನ್ನು ಗುರುತು ಹಿಡಿಯುವುದು ಅದಕ್ಕಲ್ಲ. ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಂಡು ಓಡಾಡಬೇಕಾದರೆ ಒಹಾಯೊದಲ್ಲಿ ಲೈಸೆನ್ಸ್ ಬೇಕಿತ್ತು. ಲೈಸೆನ್ಸ್ ಸಿಗಬೇಕಾದರೆ ಇಡೀ ದಿನದ ತರಗತಿಯಲ್ಲಿ ಕೂರಬೇಕಿತ್ತು. ಆ ತರಗತಿಯನ್ನು ಕ್ಯಾಜ್ ಹದಿನೆಂಟು ವರ್ಷ, ತಿಂಗಳಿಗೆ ಎರಡು ಶನಿವಾರ, ಕಾರ್ಮಿಕ ಸಂಘದ ನೆಲಮಾಳಿಗೆಯಲ್ಲಿ ನಡೆಸಿದ. ಆಸ್ಪತ್ರೆಯ ದಾದಿಯರು, ಮನೆಮನೆಗೆ ಪಿಜ್ಜಾ ತಲುಪಿಸುವವರು, ಗಂಡನನ್ನು ಬಿಟ್ಟುಬಂದ ಹೆಂಗಸರು, ಒಂದು ಸಲ ಒಬ್ಬ ಪಾದ್ರಿ ಕೂಡ ಬಂದು ಕೂತಿದ್ದರು. ಯಾವ ರಾಜ್ಯದಲ್ಲಿ ಏನು ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂಬುದನ್ನು ನನ್ನ ಗಂಡ ಜಪಮಾಲೆ ಎಣಿಸಿದಂತೆ ಹೇಳುತ್ತಿದ್ದ. "ಆ ಕಡೆಯಿಂದ ಸೊಪ್ಪು ತಂದ್ರೆ ಇಲ್ಲಿ ತಪ್ಪು, ಈ ಕಡೆಯಿಂದ ಲೈಸೆನ್ಸ್ ಇಲ್ದೆ ಪಿಸ್ತೂಲು ಒಯ್ದ್ರೆ ಅಲ್ಲಿ ತಪ್ಪು. ನಡುವೆ ಇರೋದು ಬರೀ ಒಂದು ಬೋರ್ಡು, ಸ್ವಾಮೀ!" ಎಂದು ಅವನು ಅಂದಾಗ ನೆಲಮಾಳಿಗೆಯೆಲ್ಲ ನಗುತ್ತಿತ್ತು.

ನಾನು ಬರ್ನಿಸ್. ಇಪ್ಪತ್ತಾರು ವರ್ಷದಿಂದ ಶಾಲೆಯ ಬಸ್ಸು ಓಡಿಸುತ್ತಿದ್ದೇನೆ. ಅರವತ್ತು ಮಕ್ಕಳು ಒಟ್ಟಿಗೆ ಕಿರುಚುವಾಗ ಒಂದೇ ಕೂಗಿಗೆ ಬಸ್ಸು ಗಪ್‌ಚುಪ್ ಆಗಬೇಕು, ಅಂಥ ಗಂಟಲು ನನ್ನದು. ಅದಕ್ಕೇ ಕ್ಯಾಜ್ ನನ್ನನ್ನು ಪೊಲೀಸು ಮಾಡಿದ. ತರಗತಿಯ ಕೊನೆಗೆ ಅವನು ಎರಡು ಕುರ್ಚಿ ಹಾಕಿ ಅದನ್ನೇ ಕಾರು ಎನ್ನುತ್ತಿದ್ದ. ಅವನು ಚಾಲಕ. ನಾನು ಹಿಂದಿನಿಂದ ಬಂದು ಇಲ್ಲದ ಗಾಜನ್ನು ತಟ್ಟಿ ಗದರಬೇಕು. ಅವನು ಎರಡೂ ಕೈ ಮೇಲೆತ್ತಿ, ಬೆರಳು ಬಿಡಿಸಿ, ನಿಧಾನವಾಗಿ ಹೇಳುತ್ತಿದ್ದ: "ಆಫೀಸರ್, ನನ್ನ ಹತ್ರ ಲೈಸೆನ್ಸ್ ಇದೆ, ಆಯುಧ ಜೊತೇಲಿದೆ. ನಾನೇನ್ ಮಾಡ್ಬೇಕು ಹೇಳಿ." ಹೀಗೆ ಎಷ್ಟು ನೂರು ಸಲ ಆಡಿದೆವೋ ದೇವರಿಗೇ ಗೊತ್ತು.

"ಆಯುಧ ಅನ್ನಿ, ಪಿಸ್ತೂಲು ಅನ್ನಿ, ಏನ್ ಬೇಕಾದ್ರೂ ಅನ್ನಿ," ಎನ್ನುತ್ತಿದ್ದ ತರಗತಿಗೆ. "ಗನ್ ಅನ್ನೋ ಮಾತು ಮಾತ್ರ ನಿಮ್ ಬಾಯಲ್ಲಿ ಬರ್ಕೂಡ್ದು. ಪಕ್ಕದಲ್ಲಿ ಲಾರಿ ಹೋಗ್ತಿರುತ್ತೆ, ಗಾಳಿ ಬೀಸ್ತಿರುತ್ತೆ. ನೀವು ಇಡೀ ಪುರಾಣ ಹೇಳಿರ್ತೀರಿ, ಆಚೆ ನಿಂತಿರೋನಿಗೆ ಕೇಳ್ಸೋದು ಅದೊಂದೇ ಮಾತು. ಪೊಲೀಸ್ನೋರು ತಮ್ತಮ್ಮಲ್ಲಿ ಆ ಮಾತು ಕೂಗೋದು ಯಾವಾಗ ಗೊತ್ತಾ? ಎದುರಿಗಿರೋನು ಗುಂಡು ಹಾರಿಸ್ತಾನೆ ಅನ್ಸಿದಾಗ."

ಕ್ಯಾಜ್ ಪಿಸ್ತೂಲು ಕಟ್ಟಿಕೊಂಡದ್ದು ಗಂಡಸುತನ ತೋರಿಸಲಿಕ್ಕಲ್ಲ. ಅವನ ಅಣ್ಣನನ್ನು ಹೋಟೆಲಿನ ಹಿಂದೆ ಕಾರು ನಿಲ್ಲಿಸುವ ಜಾಗದಲ್ಲಿ ಯಾರೋ ಹನ್ನೊಂದು ಡಾಲರಿಗೆ ಕೊಂದರು. ಅಂದಿನಿಂದ ನನ್ನ ಗಂಡ ಹೆದರಿದ ಮನುಷ್ಯ. ಅದನ್ನು ಅವನು ಒಪ್ಪುವುದಿಲ್ಲ. ನಾನು ಮೂವತ್ತೊಂಬತ್ತು ವರ್ಷ ಪಕ್ಕದಲ್ಲಿ ಮಲಗಿದವಳು, ನನಗೆ ಗೊತ್ತು.

ಹೋದ ವರ್ಷ ಜೂನ್‌ನಲ್ಲಿ ಒಹಾಯೊ ಹೊಸ ಕಾನೂನು ತಂದಿತು. ಇನ್ನು ಮೇಲೆ ಲೈಸೆನ್ಸ್ ಬೇಕಿಲ್ಲ, ತರಗತಿ ಬೇಕಿಲ್ಲ, ಇಪ್ಪತ್ತೊಂದು ತುಂಬಿ, ಕಾನೂನಿನ ಅಡ್ಡಿ ಏನೂ ಇಲ್ಲದಿದ್ದರೆ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಬಹುದು. ಬೇರೆಯವರು ಹಬ್ಬ ಮಾಡಿದರು. ನಮ್ಮ ಮನೆಯಲ್ಲಿ ಸೂತಕ. ಜುಲೈ ತಿಂಗಳ ಮೊದಲ ತರಗತಿಗೆ ಕ್ಯಾಜ್ ಎಂದಿನ ಹಾಗೆ ಎರಡು ಡಜನ್ ಡೋನಟ್ ತಂದು, ಕಾಫಿ ಕಾಯಿಸಿಟ್ಟು, ಬೋರ್ಡಿನ ಮೇಲೆ ತನ್ನ ಹೆಸರು ಬರೆದು ಕೂತ. ಒಂದು ನರಪಿಳ್ಳೆಯೂ ಬರಲಿಲ್ಲ. ಹನ್ನೊಂದು ಗಂಟೆಗೆ ನಾನೇ ಹೋಗಿ ಕರೆದುಕೊಂಡು ಬಂದೆ. ಕಾರಿನಲ್ಲಿ ಒಂದೇ ಮಾತು ಆಡಿದ: "ಕಾಗದಕ್ಕೇ ಬೆಲೆ ಇಲ್ಲ ಅಂದ್ಮೇಲೆ ನಂಗ್ಯಾಕೆ ಕಾಗದ?" ಸಿಟ್ಟಿನ ಮಾತು ಅಂದುಕೊಂಡೆ. ಈ ವರ್ಷ ಏಪ್ರಿಲ್‌ನಲ್ಲಿ ಅವನ ಲೈಸೆನ್ಸಿನ ಅವಧಿ ಮುಗಿಯುವುದಿತ್ತು. ಅದನ್ನು ಅವನು ಹಾಗೇ ಮುಗಿಯಲು ಬಿಟ್ಟನೆಂಬುದು ನನಗೆ ಗೊತ್ತೇ ಇರಲಿಲ್ಲ. ಅಭಿಮಾನ ಅನ್ನುತ್ತೀರಾ, ಹಠ ಅನ್ನುತ್ತೀರಾ, ನಾನಂತೂ ದಡ್ಡತನ ಅನ್ನುತ್ತೇನೆ.

ಆ ಶನಿವಾರ ಅವನ ತಂಗಿ ಲಾಟಿಯ ಮನೆಯಲ್ಲಿ ಊಟ. ಅವಳ ಮದುವೆಯಾಗಿ ನಲವತ್ತು ವರ್ಷ. ಹಳಿಯ ಆಚೆ ಅವಳ ಮನೆ, ನಮ್ಮಿಂದ ಐದು ನಿಮಿಷ. ನಾನು ಹಿಂದಿನ ದಿನವೆಲ್ಲ ನಿಂತು, ಅನ್ನ ಮತ್ತು ಮಾಂಸ ತುಂಬಿ ಎಲೆಕೋಸಿನ ಎಲೆಯಲ್ಲಿ ಸುತ್ತಿ ಐವತ್ತು ಗೊವುಂಪ್ಕಿ ಮಾಡಿದ್ದೆ. ದೊಡ್ಡ ತಟ್ಟೆಯಲ್ಲಿ ಹಿಂದಿನ ಸೀಟಿನಲ್ಲಿ ಕೂತಿದ್ದವು. ಕಾರೆಲ್ಲ ಕೋಸಿನ ವಾಸನೆ. ಕ್ಯಾಜ್‌ಗೆ ಮಂಗಳವಾರ ಬಲಗಣ್ಣಿನ ಪೊರೆ ತೆಗೆದಿದ್ದರು. ಕಣ್ಣಿನ ಮೇಲೆ ಪ್ಲಾಸ್ಟಿಕ್ ಮುಚ್ಚಳ, ಅದರ ಕೆಳಗಿನಿಂದ ನೀರು ಸೋರುತ್ತಲೇ ಇತ್ತು. ಹಾಗಾಗಿ ನಾನು ಸ್ಟಿಯರಿಂಗ್ ಹಿಡಿದೆ, ಅವನು ಪಕ್ಕದಲ್ಲಿ ಕೂತು ದಾರಿಯುದ್ದಕ್ಕೂ ತಪ್ಪು ಹುಡುಕಿದ.

"ಸಿಗ್ನಲ್ ಹಳದಿ ಆಯ್ತು."

"ಒಂದೇ ಕಣ್ಣಲ್ಲಿ ಅದೆಷ್ಟು ನೋಡ್ತೀಯೋ! ಎರಡೂ ಇದ್ದಿದ್ರೆ ನನ್ನ ಗತಿ ಏನು?"

"ಬಸ್ ಓಡ್ಸೋ ಹಾಗೆ ಓಡಿಸ್ಬೇಡ ಅಂದೆ ಅಷ್ಟೇ."

"ಬಸ್ಸಲ್ಲಿ ಮಕ್ಕಳು ಇಷ್ಟು ಪಿರಿಪಿರಿ ಮಾಡಲ್ಲ ಕಣೋ."

ಹಳಿಯ ಹತ್ತಿರ ಬಂದರೆ ರೈಲು ಅಡ್ಡ ನಿಂತಿದೆ. ತಲೆಯೂ ಕಾಣದು, ಬಾಲವೂ ಕಾಣದು. ನಮ್ಮ ಮುಂದಿನ ಕಾರುಗಳು ಒಂದೊಂದಾಗಿ ಹಿಂದಕ್ಕೆ ತಿರುಗತೊಡಗಿದವು. ನಾನೂ ತಿರುಗಿಸಲು ಹೊರಟೆ.

"ಕಾಯೋಣ," ಅಂದ ಕ್ಯಾಜ್.

"ಕಾಯೋದಾ? ಗೊವುಂಪ್ಕಿ ಆರಿ ತಣ್ಣಗಾಗುತ್ತೆ."

"ಲಾಟಿ ಮನೇಲಿ ಒಲೆ ಇಲ್ವಾ? ಕಾಯೋಣ ಬರ್ನಿ."

ಜೀವಮಾನದಲ್ಲಿ ರೈಲಿಗೆ ಕಾದವನಲ್ಲ ಅವನು. ಯಾಕೆ ಎಂದು ಕೇಳಬೇಕಿತ್ತು. ಕೇಳಿದ್ದರೂ ಹೇಳುತ್ತಿದ್ದನೋ ಇಲ್ಲವೋ. ಹೇಳಬೇಕಾದರೆ ಲೈಸೆನ್ಸಿನ ವಿಷಯವನ್ನೂ ಹೇಳಬೇಕಿತ್ತಲ್ಲ, ಹದಿನೆಂಟು ವರ್ಷ ಊರಿಗೆ ಬುದ್ಧಿ ಹೇಳಿದವನು ಹೆಂಡತಿಯ ಮುಂದೆ ಬಾಯಿ ಬಿಡುವುದಾದರೂ ಹೇಗೆ? ನಾನು ಗಾಡಿ ತಿರುಗಿಸಿದೆ.

ಟಾರಿನ ಸದ್ದು ಬದಲಾಯಿತು. ಮಿಷಿಗನ್ ಗುಂಡಿಗಳ ಮೇಲೆ ಮುಕ್ಕಾಲು ಮೈಲಿ ಹೋಗಿರಬೇಕು, ಹಿಂದೆ ಕೆಂಪು ನೀಲಿ ದೀಪ ಹೊಳೆಯಿತು. ಸೈರನ್ ಒಮ್ಮೆ ಮೊಟಕಾಗಿ ಕೂಗಿ ನಿಂತಿತು. ನಾನೇನು ವೇಗವಾಗಿ ಹೋಗುತ್ತಿರಲಿಲ್ಲ. ಯಾವುದೋ ದೀಪ ಕೆಟ್ಟಿರಬೇಕು, ಬಿಡು, ಒಂದು ಚೀಟಿ ಬರೆದು ಕೊಡುತ್ತಾನೆ ಎಂದುಕೊಂಡು ಪಕ್ಕಕ್ಕೆ ತೆಗೆದು ನಿಲ್ಲಿಸಿದೆ. ಇಂಜಿನ್ ಆರಿಸಿದ ಮೇಲೆ ಕ್ಯಾಜ್ ಮುಂದೆ ನೋಡಿಕೊಂಡೇ ಮಾತಾಡಿದ.

"ಬರ್ನಿ, ಸೊಂಟದಲ್ಲಿದೆ."

"ಗೊತ್ತು ಮಾರಾಯ, ಯಾವತ್ತೂ ಇರುತ್ತಲ್ಲ. ನಿನ್ನ ಮಂತ್ರ ಹೇಳಿ ಮುಗ್ಸು."

"ಲೈಸೆನ್ಸ್ ಇಲ್ಲ."

"ಮನೇಲಿ ಬಿಟ್ಟು ಬಂದ್ಯಾ?"

"ಏಪ್ರಿಲ್‌ನಲ್ಲಿ ಮುಗೀತು. ನಾನು ಹೊಸದು ಮಾಡ್ಸಿಲ್ಲ."

"ಬೇಕಾಗಿಲ್ಲ ಅಂತ ಕಾನೂನೇ ಬಂತಲ್ಲ!"

"ಅಲ್ಲಿ ಬೇಕಾಗಿಲ್ಲ," ಅಂದ. "ಇಲ್ಲಿ ಬೇಕು. ಇಲ್ಲಿ ಐದು ವರ್ಷ."

ಐದು ವರ್ಷ ಅಂದರೆ ಎಪ್ಪತ್ತೆರಡು. ಸಕ್ಕರೆ ಕಾಯಿಲೆಯವನು, ದೀಪ ಆರಿಸಿದರೆ ನಿದ್ದೆ ಬರದವನು, ಐದು ವರ್ಷ ಜೈಲಿನಲ್ಲಿ ಉಳಿಯುತ್ತಾನೆಯೇ? ಕನ್ನಡಿಯಲ್ಲಿ ನೋಡಿದೆ. ಇಬ್ಬರು ಇಳಿದು ಬರುತ್ತಿದ್ದರು. ಒಬ್ಬ ನನ್ನ ಕಡೆ, ಒಬ್ಬಳು ಅವನ ಕಡೆ.

"ಅಯ್ಯೋ ಮುಂಡೇದೇ, ಮೊದಲೇ ಹೇಳೋಕೆ ಏನಾಗಿತ್ತು ನಿಂಗೆ?" ಅಂದೆ, ತುಟಿ ಅಲ್ಲಾಡಿಸದೆ.

"ಕಾಯೋಣ ಅಂದ್ನಲ್ಲ."

"ಬಾಯಿ ಬಿಟ್ರೆ ನೋಡು. ಒಂದಕ್ಷರ ಮಾತಾಡ್ಬೇಡ."

"ಮೊದಲು ನಾವೇ ಹೇಳ್ಬೇಕು ಬರ್ನಿ. ಅವರೇ ನೋಡಿಬಿಟ್ರೆ..."

"ಅದು ಕಾಗದ ಇರೋರಿಗೆ. ನೀನು ಹೇಳಿದ್ರೆ ನೀನಾಗೇ ಜೈಲಿಗೆ ನಡೆದ ಹಾಗೆ. ಸುಮ್ನಿರು, ನಿನ್ ದಮ್ಮಯ್ಯ."

ಗಾಜು ಇಳಿಸಿದೆ. ನನ್ನ ಕಡೆಯವನು ಎಳೆಯ ಪೊಲೀಸ್, ಮುಖದ ತುಂಬ ಕಂದು ಚುಕ್ಕೆ. ನನ್ನ ಬಸ್ಸಿನಲ್ಲಿ ಕೂತು ಶಾಲೆಗೆ ಹೋದ ಹುಡುಗರ ವಯಸ್ಸು. "ನಮಸ್ಕಾರ ಮೇಡಂ. ನಿಮ್ಮ ಹಿಂದಿನ ಎಡಗಡೆ ದೀಪ ಉರೀತಿಲ್ಲ, ಗೊತ್ತಿತ್ತಾ?" ಎಂದು ಮರ್ಯಾದೆಯಿಂದ ಕೇಳಿದ. ಗೊತ್ತಿಲ್ಲ ಅಂದೆ, ನಿಜವಾಗಿಯೂ ಗೊತ್ತಿರಲಿಲ್ಲ. ಅವನು ಮೂಗು ಅರಳಿಸಿ ಹಿಂದಿನ ಸೀಟು ನೋಡಿದ.

"ಗೊವುಂಪ್ಕಿನಾ? ನಮ್ಮಜ್ಜಿ ಮಾಡ್ತಿದ್ರು."

"ನಾದಿನಿ ಮನೇಲಿ ಊಟ. ರೈಲು ಅಡ್ಡ ನಿಂತಿತ್ತು, ಅದಕ್ಕೇ ಈ ಕಡೆ ಬಂದ್ವಿ."

"ಆ ರೈಲಿಗೆ ಬೇರೆ ಕೆಲ್ಸ ಇಲ್ಲ," ಎಂದು ನಕ್ಕ. ನಾನೂ ನಕ್ಕೆ. ನನ್ನ ನಗು ನನ್ನ ಕಿವಿಗೇ ಅಸಹ್ಯವಾಗಿ ಕೇಳಿಸಿತು. ಹೋಗಿ ಬನ್ನಿ ಅನ್ನುತ್ತಾನೆ, ಈಗ ಅನ್ನುತ್ತಾನೆ, ಎಂದು ಕಾದೆ. ಅವನು ನನ್ನ ಚಾಲನಾ ಪರವಾನಗಿ, ಕಾರಿನ ಕಾಗದ ಇಸಿದುಕೊಂಡ. ಹೊರಡಲು ತಿರುಗಿದವನು ಏನೋ ನೆನಪಾದವನಂತೆ ನಿಂತ.

"ಗಾಡೀಲಿ ಆಯುಧ ಏನಾದ್ರೂ ಇದ್ಯಾ ಮೇಡಂ?"

"ಇಲ್ಲ," ಅಂದೆ.

ಅಷ್ಟು ಸಲೀಸಾಗಿ ಬಂತು. ಎಳೆಯ ಪೊಲೀಸ್ ತಲೆಯಾಡಿಸಿ ತನ್ನ ಗಾಡಿಗೆ ಹೋದ. ಆದರೆ ಅವನ ಜೊತೆಯವಳು ಹೋಗಲಿಲ್ಲ. ಕ್ಯಾಜ್‌ನ ಕಿಟಕಿಯ ಸ್ವಲ್ಪ ಹಿಂದೆ ನಿಂತಳು. ಗಿಡ್ಡಗಿನ ಹೆಂಗಸು, ಕೂದಲು ಬಿಗಿಯಾಗಿ ಹಿಂದಕ್ಕೆ ಕಟ್ಟಿದ್ದಳು, ಬಲಗೈ ಸೊಂಟದ ಮೇಲಿತ್ತು. ಎಲ್ಲ ಪೊಲೀಸರೂ ಕೈಯನ್ನು ಹಾಗೆಯೇ ಇಟ್ಟುಕೊಳ್ಳುತ್ತಾರೆ. ಅವತ್ತು ಮಾತ್ರ ನನಗೆ ಆ ಕೈ ಬಿಟ್ಟು ಬೇರೆ ಏನೂ ಕಾಣಲಿಲ್ಲ.

ಎಷ್ಟು ಹೊತ್ತು ಕೂತಿದ್ದೆವೋ. ನಾಲ್ಕು ನಿಮಿಷ ಇರಬಹುದು, ಐದು ಇರಬಹುದು. ಲಾರಿಗಳು ಹೋದಾಗ ಕಾರು ಅಲ್ಲಾಡುತ್ತಿತ್ತು. ತಲೆಯೊಳಗೆ ಏನೇನೋ ಓಡಿತು. ಆ ಪೊಲೀಸ್ ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಿದರೆ ಗಂಡನ ಹೆಸರೂ ಬರುತ್ತದೆಯೇ? ಅವನ ಲೈಸೆನ್ಸ್ ಇತ್ತು, ಮುಗಿಯಿತು ಎಂದು ಅಲ್ಲಿ ಬರೆದಿರುತ್ತದೆಯೇ? ಕ್ಯಾಜ್‌ನನ್ನು ಕೇಳಿದರೆ ಗೊತ್ತಾಗುತ್ತಿತ್ತು, ಇಂಥದ್ದೆಲ್ಲ ಅವನಿಗೆ ಬಾಯಿಪಾಠ. ಆದರೆ ಅವಳು ನಮ್ಮ ತುಟಿಗಳನ್ನೇ ನೋಡುತ್ತಿದ್ದಾಳೆ ಎನಿಸಿ ಕೇಳಲಿಲ್ಲ. ಮಾತೆ ಮರಿಯಾ, ಈ ಒಂದು ಸಲ ದಾಟಿಸು, ಆ ಹಾಳು ಪಿಸ್ತೂಲನ್ನು ನಾನೇ ನದಿಗೆ ಎಸೆದು ಬರುತ್ತೇನೆ ಎಂದು ಬೇಡಿಕೊಂಡೆ.

ಕ್ಯಾಜ್‌ನ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಮುಚ್ಚಳದ ಕೆಳಗಿನಿಂದ ಕೆನ್ನೆಗೆ, ಕೆನ್ನೆಯಿಂದ ಗದ್ದಕ್ಕೆ. ಅವನು ಅಂಗೈ ತಿರುಗಿಸಿ ಒರೆಸಲು ನೋಡಿದ. ಡಾಕ್ಟರು ಕೈ ತಾಗಿಸಬೇಡಿ ಎಂದು ಗದರಿದ್ದು ನೆನಪಾಯಿತೋ ಏನೋ, ಕೈ ಇಳಿಸಿದ. ಮತ್ತೆ ಅದೇ ಕೈ ಮೆಲ್ಲಗೆ ಹಿಂದಕ್ಕೆ ಹೋಯಿತು. ಬಲಗಡೆ. ಕರವಸ್ತ್ರಕ್ಕೆ.

ಅವನು ಕರವಸ್ತ್ರವನ್ನು ಯಾವಾಗಲೂ ಎಡ ಜೇಬಿನಲ್ಲಿ ಇಡುತ್ತಿದ್ದ. ಪಿಸ್ತೂಲಿನ ಕಡೆ ಬೇರೆ ಯಾವ ಸಾಮಾನೂ ಇಡಬಾರದು ಎಂದು ತರಗತಿಯಲ್ಲಿ ಹೇಳುತ್ತಿದ್ದವನು ತಾನೂ ಹಾಗೇ ನಡೆದುಕೊಳ್ಳುತ್ತಿದ್ದ. ಅವತ್ತು ಬೆಳಿಗ್ಗೆ ಅವನ ಪ್ಯಾಂಟಿನ ಬಲ ಜೇಬಿಗೆ ಕರವಸ್ತ್ರ ತುರುಕಿದವಳು ನಾನು. ಬಲಗಣ್ಣು ಒರೆಸಲು ಬಲಗೈಗೆ ಹತ್ತಿರ ಇರಲಿ ಎಂದು.

ಜಾಕೆಟ್ ಮೇಲೆದ್ದಿತು. ಸೀಟ್ ಬೆಲ್ಟ್‌ನ ಪಕ್ಕ ಪಿಸ್ತೂಲಿನ ಕಪ್ಪು ಹಿಡಿ ಕಂಡಿತು. ಅವನ ಬೆರಳು ಅದಕ್ಕೆ ನಾಲ್ಕು ಅಂಗುಲ ದೂರದಲ್ಲಿತ್ತು. ಅವನಿಗೆ ಅದರ ಪರಿವೆಯೇ ಇಲ್ಲ, ಜೇಬು ತಡಕುತ್ತಿದ್ದಾನೆ. ಕಿಟಕಿಯ ಆಚೆ ಅವಳು ಬಗ್ಗಿದಳು.

ನಾನು ಕೂಗಿದೆ. ಬಸ್ಸಿನಲ್ಲಿ ಕೂಗುವ ಹಾಗೆ, ಇಪ್ಪತ್ತಾರು ವರ್ಷದ ಗಂಟಲಿನಿಂದ. ಅಲ್ಲಿ ಪಿಸ್ತೂಲಿದೆ, ಕೈ ತೆಗಿ ಎಂದು ಹೇಳಲು ಹೊರಟವಳು. ನನ್ನ ಬಾಯಿಂದ ಬಂದದ್ದು, "ಕ್ಯಾಜ್! ಗನ್!"

ಎಷ್ಟು ನೂರು ಜನರಿಗೆ ಬೇಡ ಎಂದು ಹೇಳಿಕೊಟ್ಟ ಮಾತು. ನಾನು ಪ್ರತಿಸಲವೂ ಎದುರಿಗೆ ನಿಂತು ಕೇಳಿದ ಮಾತು. ಆಡಿದವಳು ನಾನೇ.

ಅವಳು ಒಂದು ಹೆಜ್ಜೆ ಹಿಂದಕ್ಕೆ ನೆಗೆದಳು. ಪಿಸ್ತೂಲು ಕೈಗೆ ಬಂದದ್ದೇ ನನಗೆ ಕಾಣಲಿಲ್ಲ, ಕಂಡಾಗ ಅದು ಕ್ಯಾಜ್‌ನ ತಲೆಗೆ ನೇರವಾಗಿತ್ತು. "ಗನ್! ಗನ್! ಕೈ ತೋರ್ಸು! ಕೈ!" ಎಂದು ಕಿರುಚಿದಳು. ಹಿಂದಿನಿಂದ ಎಳೆಯ ಪೊಲೀಸ್ ಓಡಿ ಬರುವ ಬೂಟಿನ ಸದ್ದು. ಅವನ ಪಿಸ್ತೂಲು ನನ್ನ ಕಿವಿಯ ಹತ್ತಿರ ಬಂತು. ಅವಳ ಪಿಸ್ತೂಲಿನ ಮೂತಿ ಗಡಗಡ ನಡುಗುತ್ತಿತ್ತು. ಅವಳೂ ಹೆದರಿದ್ದಾಳೆ ಎಂದು ಗೊತ್ತಾದ ಮೇಲೆ ನನಗೆ ಇನ್ನೂ ಭಯವಾಯಿತು. ಹೆದರಿದವರ ಬೆರಳು ಮಾತು ಕೇಳುವುದಿಲ್ಲವಲ್ಲ. ನಾನು ಕಣ್ಣು ಮುಚ್ಚಿದೆ. ಸದ್ದು ಬರುತ್ತದೆ, ಈಗ ಬರುತ್ತದೆ, ಬಿಸಿ ರಕ್ತ ನನ್ನ ಮೇಲೆ ಬೀಳುತ್ತದೆ ಎಂದು ಕಾದೆ. ಒಂದು ಹನಿ ಮೂತ್ರ ಹೋಯಿತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಬಂದದ್ದು ಕ್ಯಾಜ್‌ನ ದನಿ. ನೆಲಮಾಳಿಗೆಯಲ್ಲಿ ಪಾಠ ಮಾಡುವಾಗಿನ ದನಿ, ನಿಧಾನ, ಏರಿಳಿತವಿಲ್ಲ.

"ಆಫೀಸರ್, ನನ್ನ ಕೈ ಇಲ್ಲಿದೆ, ಮುಂದೆ ಇದೆ, ನೋಡಿ. ಬೆರಳು ಬಿಡಿಸಿದೀನಿ. ನನ್ನ ಬಲ ಸೊಂಟದಲ್ಲಿ ಆಯುಧ ಇದೆ. ಕೈಲಿ ಇಲ್ಲ. ನಾನು ಕರವಸ್ತ್ರ ತೆಗೀತಿದ್ದೆ, ಕಣ್ಣು ಸೋರ್ತಿದೆ. ನೀವು ಹೇಳೋವರೆಗೂ ನಾನು ಅಲ್ಲಾಡಲ್ಲ. ನಾನೇನ್ ಮಾಡ್ಬೇಕು ಹೇಳಿ."

ನಾನು ಕಣ್ಣು ಬಿಟ್ಟೆ. ಅವನ ಎರಡೂ ಅಂಗೈ ಮುಂದಿನ ಗಾಜಿಗೆ ಅಂಟಿದ್ದವು. ಅವಳು ಬಾಯಿಯಿಂದ ಉಸಿರು ಬಿಡುತ್ತಿದ್ದಳು.

"ಲೈಸೆನ್ಸ್ ಇದ್ಯಾ?" ಎಂದು ಎಳೆಯ ಪೊಲೀಸ್ ನನ್ನ ತಲೆಯ ಮೇಲಿನಿಂದ ಕೇಳಿದ.

ಸುಳ್ಳು ಹೇಳು, ಮನೆಯಲ್ಲಿದೆ ಅನ್ನು ಎಂದು ನಾನು ಒಳಗೇ ಕೂಗಿಕೊಂಡೆ.

"ಇಲ್ಲ," ಅಂದ ಕ್ಯಾಜ್. "ಒಹಾಯೊದ್ದು ಇತ್ತು. ಏಪ್ರಿಲ್‌ನಲ್ಲಿ ಮುಗೀತು."

ಆಮೇಲೆ ಅವಳು ಒಂದೊಂದೇ ಹೇಳಿದಳು, ಅವನು ಒಂದೊಂದೇ ಮಾಡಿದ. ಹೊರಗಿನಿಂದ ಅವಳೇ ಬಾಗಿಲು ತೆಗೆದಳು. ಅವನ ಸೀಟ್ ಬೆಲ್ಟ್ ಬಿಚ್ಚಿದಳು. ಪಿಸ್ತೂಲು ಎಳೆದು ತೆಗೆದು, ಅದರೊಳಗಿನ ಗುಂಡುಗಳನ್ನು ಇಳಿಸಿದಳು. ಅವನನ್ನು ಇಳಿಸಿ, ಅವರ ಗಾಡಿಯ ಮುಂಭಾಗಕ್ಕೆ ಒರಗಿಸಿ, ಕೈ ಹಿಂದಕ್ಕೆ ತಿರುಚಿ ಕೋಳ ಹಾಕಿದರು. ನನ್ನನ್ನೂ ಇಳಿಸಿ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ನಿಲ್ಲಿಸಿದರು. ನಾನು ಕಾರು ಹಿಡಿದುಕೊಂಡು ನಿಂತೆ.

ಎಳೆಯ ಪೊಲೀಸ್ ಕ್ಯಾಜ್‌ನ ಹತ್ತಿರ ಹೋದ. "ಸರ್, ಮುಕ್ಕಾಲು ಮೈಲಿ ಕೆಳಗೆ, ಒಹಾಯೊದಲ್ಲಿ ಇದ್ದಿದ್ರೆ ನಿಮ್ಮನ್ನ ಮಾತಾಡ್ಸೋ ಹಾಗೂ ಇರ್ಲಿಲ್ಲ," ಅಂದ. ದನಿಯಲ್ಲಿ ಬೇಜಾರೇ ಇತ್ತು.

"ಗೊತ್ತಪ್ಪ," ಅಂದ ಕ್ಯಾಜ್. "ನಾನೇ ಪಾಠ ಮಾಡ್ತಿದ್ದೆ."

ಆಮೇಲೆ ಎಳೆಯ ಪೊಲೀಸ್ ನನ್ನ ಕಡೆ ಬಂದ. ಅಜ್ಜಿಯ ಗೊವುಂಪ್ಕಿ ನೆನೆದ ಮುಖ ಈಗ ಇರಲಿಲ್ಲ. ಕೈಯಲ್ಲಿ ಪುಟ್ಟ ಪುಸ್ತಕ ಹಿಡಿದಿದ್ದ.

"ಮೇಡಂ, ನಾನು ಆಯುಧ ಇದ್ಯಾ ಅಂತ ಕೇಳಿದೆ. ನೀವು ಇಲ್ಲ ಅಂದ್ರಿ. ಆಮೇಲೆ ನೀವೇ ಕೂಗಿದ್ರಿ. ಸರಿಯಾಗಿ ಹೇಳಿ, ನಿಮಗೆ ಗೊತ್ತಿತ್ತಾ, ಇಲ್ವಾ?"

ನಾನು ಬಾಯಿ ತೆರೆಯುವ ಮೊದಲೇ ಆ ಕಡೆಯಿಂದ ಕ್ಯಾಜ್ ಮಾತಾಡಿದ.

"ಅವಳಿಗೆ ಗೊತ್ತಿರ್ಲಿಲ್ಲ. ನನ್ನ ಜಾಕೆಟ್ ಎದ್ದಾಗ ಕಂಡಿದೆ, ಹೆದರಿ ಕೂಗಿದಾಳೆ. ಮನೇಲೇ ಬಿಟ್ಟು ಬಂದೆ ಅಂತ ಅವಳಿಗೆ ಹೇಳಿದ್ದೆ."

"ಸರ್, ನಿಮ್ಮನ್ನ ಕೇಳಿಲ್ಲ," ಎಂದು ಅವಳು ಗದರಿದಳು.

ಕಾನೂನಿನ ಒಂದು ಸಾಲನ್ನು ಯಾರಾದರೂ ತಿರುಚಿ ಹೇಳಿದರೆ ಕುರ್ಚಿಯಿಂದ ಎದ್ದುಬಿಡುತ್ತಿದ್ದ ಮನುಷ್ಯ. ತನ್ನ ಕೊರಳಿಗೆ ಹಗ್ಗ ಬಿದ್ದಾಗ ಒಂದು ಸುಳ್ಳೂ ಹೇಳಲಿಲ್ಲ. ನನಗಾಗಿ ಹೇಳಿದ, ಅದೂ ಎರಡು ಮಾತಿಗೆ ಮೂರು ಮಾತು ಸೇರಿಸಿ ಹೇಳಿದ. ಮಾತು ಮುಗಿಸಿ, ಗಾಡಿಯ ಮೇಲೆ ಕೆನ್ನೆ ಒತ್ತಿದ್ದವನು ಕುತ್ತಿಗೆ ತಿರುಗಿಸಿ, ಇದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದ. ನಾನು ಹೇಳಿದ್ದಕ್ಕೆ ಹೌದು ಅನ್ನು, ಅಂದಿತು ಆ ಕಣ್ಣು. ಹೌದು ಅಂದುಬಿಡು ಬರ್ನಿ.

ನನಗೆ ಇದ್ದ ಮಾತುಗಳು ಎರಡು. ಗೊತ್ತಿತ್ತು ಅಂದರೆ ನಾನೂ ಕೋಳ ಹಾಕಿಸಿಕೊಳ್ಳುತ್ತೇನೆ. ಪೊಲೀಸರ ಮುಂದೆ ಸುಳ್ಳು ಹೇಳಿದವಳಿಗೆ ಮಕ್ಕಳ ಬಸ್ಸು ಕೊಡುವುದಿಲ್ಲ. ಆದರೆ ಅವನು ಒಬ್ಬನೇ ಹೋಗುವುದಿಲ್ಲ. ಗೊತ್ತಿರಲಿಲ್ಲ ಅಂದರೆ ನಾನು ಮನೆಗೆ, ಅವನು ಒಬ್ಬನೇ ಅಲ್ಲಿಗೆ. ಇದನ್ನೆಲ್ಲ ನಾನು ಆಗ ಯೋಚಿಸಿದೆ ಎಂದು ಹೇಳಿದರೆ ಅದೂ ಸುಳ್ಳಾಗುತ್ತದೆ. ಯೋಚನೆ ಮಾಡಿದ್ದು ಆಮೇಲೆ, ಮನೆಯಲ್ಲಿ, ದಿನಗಟ್ಟಲೆ. ಆಗ ಇದ್ದದ್ದು ಭಯ ಒಂದೇ. ಆ ಕೋಳ ನನ್ನ ಕೈಗೆ ಬರಬಾರದು, ಆ ಗಾಡಿಯ ಹಿಂದಿನ ಬಾಗಿಲು ನನ್ನ ಮೇಲೆ ಮುಚ್ಚಬಾರದು.

"ಗೊತ್ತಿರ್ಲಿಲ್ಲ," ಅಂದೆ.

ಎಳೆಯ ಪೊಲೀಸ್ ಬರೆದುಕೊಂಡ. "ಅನ್ಕೊಂಡೆ ಮೇಡಂ," ಅಂದ ಮೆತ್ತಗೆ. ಮತ್ತೆ ಅಜ್ಜಿಯ ಮೊಮ್ಮಗನಾದ. ನನ್ನ ಕಾಗದಗಳನ್ನೆಲ್ಲ ಜೋಡಿಸಿ ಕೈಗೆ ಕೊಟ್ಟ. ಯಾವ ಊರಿನ ಠಾಣೆಗೆ ಕರೆದುಕೊಂಡು ಹೋಗುತ್ತಾರೆ, ಸೋಮವಾರ ಯಾರನ್ನು ಕೇಳಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟ. "ಗಾಡಿ ಓಡ್ಸೋಕೆ ಆಗುತ್ತಾ? ಸ್ವಲ್ಪ ಕೂತು ಹೋಗಿ," ಅಂದ. ನಾನು ಅವನಿಗೆ ಥ್ಯಾಂಕ್ಸ್ ಹೇಳಿದೆ, ಎರಡು ಸಲ. ಆಗ ನನ್ನ ಮೈಯೆಲ್ಲ ಹಗುರವಾಯಿತು. ಗಂಡನಿಗೆ ಕೋಳ ಬಿದ್ದಿದೆ, ನನಗೆ ಸಮಾಧಾನ! ಇದನ್ನು ವಕೀಲನಿಗೂ ಹೇಳಿಲ್ಲ, ಲಾಟಿಗೂ ಹೇಳಿಲ್ಲ, ಪಾದ್ರಿಯ ಮುಂದೆ ಮಂಡಿಯೂರಿದಾಗಲೂ ಹೇಳಿಲ್ಲ.

ಅವನನ್ನು ಹಿಂದಿನ ಸೀಟಿಗೆ ತಲೆ ತಗ್ಗಿಸಿ ತುಂಬಿದರು. ಗಾಡಿ ರಸ್ತೆಗೆ ಬಂದು, ನನ್ನ ಮುಂದೆಯೇ ಹಾದು ಉತ್ತರಕ್ಕೆ ತಿರುಗಿತು. ಕ್ಯಾಜ್ ಕಿಟಕಿಯಿಂದ ನನ್ನ ಕಡೆ ನೋಡುತ್ತಿದ್ದ. ಕೈ ಹಿಂದೆ ಕಟ್ಟಿತ್ತು, ಅವನಿಗೆ ಬೀಸಲು ಆಗುವಂತಿರಲಿಲ್ಲ. ನನ್ನ ಎರಡೂ ಕೈ ಬಿಡುವಾಗಿದ್ದವು. ಆದರೂ ನಾನು ಬೀಸಲಿಲ್ಲ. ಬೀಸಿದರೆ, ಮುಂದಿನ ಸೀಟಿನಲ್ಲಿ ಕೂತ ಅವಳು ಕನ್ನಡಿಯಲ್ಲಿ ನೋಡಿ, ಇವಳಿಗೆ ಗೊತ್ತಿತ್ತು ಅಂದುಕೊಂಡಾಳು ಎಂದು ಹೆದರಿದೆ.